ಕೋಟಿನ ಮೇಲೆ ಕೂತ ಜೇನು

ಎಲ್ಲ ಅವಾಂತರಕ್ಕೂ ಮೂಲ ನುಸಿಗುಳಿಗೆಯ ವಾಸನೆ.

ಎವರೆಟ್ ಕೋಲ್ಬಿಯ ಹತ್ತಿರ ಒಳ್ಳೆಯ ಕೋಟು ಅಂತ ಇದ್ದದ್ದು ಒಂದೇ. ಊರಲ್ಲಿ ಯಾರಾದರೂ ಸತ್ತರೆ ಅದು ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಸತ್ತವರು ಮಣ್ಣಿನೊಳಗೆ ಹೋದ ಮೇಲೆ ಅದೂ ಟ್ರಂಕಿನೊಳಗೆ ಹೋಗುತ್ತಿತ್ತು. ಆದರೆ ಮೇ ತಿಂಗಳ ಆ ಶನಿವಾರ ವರ್ಮಾಂಟಿನ ಈಸ್ಟ್ ಕಾರ್ವೆಲ್‌ನಲ್ಲಿ ಯಾರೂ ಸತ್ತಿರಲಿಲ್ಲ. ಸಂಜೆ ಚರ್ಚಿನಲ್ಲಿ ಬೀನ್ಸ್ ಊಟ. ಊಟ ಮುಗಿದ ಮೇಲೆ ಲೈಬ್ರರಿಯ ವಿನಿಫ್ರೆಡ್ ಹೇಲ್‌ಳನ್ನು ಮನೆಯ ತನಕ ಕಳಿಸಿಕೊಡುವ ನೆಪದಲ್ಲಿ ಜೊತೆಗೆ ನಡೆದು, ಹೊಳೆಯ ಸೇತುವೆ ಬಂದಾಗ ಕೆಮ್ಮಿ, 'ನನ್ನನ್ನ ಮದುವೆ ಆಗ್ತೀರಾ?' ಅಂತ ಕೇಳಿಯೇ ಬಿಡುವುದು ಎಂದು ಎವರೆಟ್ ಗಟ್ಟಿ ಮನಸ್ಸು ಮಾಡಿದ್ದ. ಗಡಿಬಿಡಿಯಲ್ಲಿ ಮರೆತುಬಿಟ್ಟೇನು ಎಂದು ಅಮ್ಮನ ಉಂಗುರವನ್ನು ಹಿಂದಿನ ದಿನವೇ ಕೋಟಿನ ಒಳಜೇಬಿಗೆ ಸೇರಿಸಿ ಗುಂಡಿ ಹಾಕಿದ್ದ.

ಬೆಳಿಗ್ಗೆ ಕೋಟು ಮೂಸಿ ನೋಡಿದರೆ ಹೆಣದ ಮನೆಯ ವಾಸನೆ. ಇಂಥ ವಾಸನೆ ಹೊಡೆಯುವ ಗಂಡಸಿಗೆ ಯಾವ ಹೆಂಗಸು ಹೂಂ ಅಂದಾಳು? ಗಾಳಿಗೆ ಸರಿಹೋಗಲಿ ಎಂದು ಅಂಗಳದ ಲೈಲ್ಯಾಕ್ ಹೂಗಿಡದ ಪಕ್ಕದಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಅದನ್ನು ತೂಗುಹಾಕಿ ಕಾಫಿ ಕುಡಿಯಲು ಒಳಗೆ ಹೋದ.

ಎವರೆಟ್ ಅಂದರೆ ಏನು ಸಾಮಾನ್ಯ ಆಳಲ್ಲ. ಊರಿನ ಹಿಮ ತೆಗೆಯುವ ಲಾರಿ ಓಡಿಸುವವನು. ಎದುರಿಗೆ ಕೈ ಚಾಚಿದರೆ ಕೈ ಕಾಣದಂಥ ಹಿಮಗಾಳಿಯಲ್ಲಿ ಒಬ್ಬನೇ ಗುಡ್ಡದ ರಸ್ತೆ ಹತ್ತಿಳಿಯುವ ಗಂಡು. ಆದರೆ ಎರಡು ವಿಷಯಕ್ಕೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ಒಂದು ಜೇನುನೊಣ, ಇನ್ನೊಂದು ವಿನಿಫ್ರೆಡ್. ವಿಧಿಯ ಕುಚೋದ್ಯ ನೋಡಿ, ಆ ವಿಧವೆ ವಿನಿಫ್ರೆಡ್ ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆ ಜೇನು ಸಾಕಿದ್ದಳು.

ಹಾಗಾಗಿ ಅವನ ಪ್ರೀತಿಯೆಲ್ಲ ಚಳಿಗಾಲದಲ್ಲೇ ನಡೆಯುತ್ತಿತ್ತು. ಹಿಮ ಬಿದ್ದ ದಿನ ಊರಲ್ಲಿ ಮೊದಲು ತೆರೆಯುತ್ತಿದ್ದದ್ದು ಆಸ್ಪತ್ರೆಯ ದಾರಿಯಲ್ಲ, ಶಾಲೆಯ ದಾರಿಯಲ್ಲ, ವಿನಿಫ್ರೆಡ್‌ಳ ಮನೆಯ ದಾರಿ. ಅವಳು ಕಿಟಕಿಯಲ್ಲಿ ಕೈ ಬೀಸುತ್ತಿದ್ದಳು, ಇವನು ಹಾರ್ನ್ ಒತ್ತುತ್ತಿದ್ದ. ಅಷ್ಟೇ ಸಂಸಾರ. ಹಿಮ ಕರಗಿತೋ, ಪಾಪ, ಪ್ರೀತಿ ಮಾಡಲು ಏನೂ ಕೆಲಸವಿರುತ್ತಿರಲಿಲ್ಲ. ಆಗ ಲೈಬ್ರರಿಗೆ ಹೋಗಿ ಬಾವಿಯ ಪಂಪು ರಿಪೇರಿ ಮಾಡುವ ಪುಸ್ತಕ ತರುತ್ತಿದ್ದ, ಹಿಂದಿರುಗಿಸುತ್ತಿದ್ದ, ಮತ್ತೆ ಅದನ್ನೇ ತರುತ್ತಿದ್ದ. ಅವನ ಮನೆಯಲ್ಲಿ ಬಾವಿಯೇ ಇರಲಿಲ್ಲ.

ಕಾಫಿ ಅರ್ಧ ಆಗಿತ್ತು. ದೂರದಲ್ಲಿ ತುಂಬಿದ ಲಾರಿ ಏರು ಹತ್ತುವಂಥ ಸದ್ದು ಕೇಳಿಸಿತು. ಸದ್ದು ಹತ್ತಿರ ಬಂತು, ಮನೆಯ ಮೇಲೆ ಬಂತು, ಅಂಗಳಕ್ಕೆ ಇಳಿಯಿತು. ಎವರೆಟ್ ಬಾಗಿಲು ತೆರೆದು ನೋಡಿದಾಗ ಆಕಾಶದಿಂದ ಕಂದು ಬಣ್ಣದ ಹೊಗೆ ಸುರುಳಿ ಸುತ್ತುತ್ತ ಬಂದು ಅವನ ಕೋಟಿನ ಮೇಲೆ ಕೂರುತ್ತಿತ್ತು. ನೋಡನೋಡುತ್ತಲೇ ಎಡ ಭುಜ ಮುಚ್ಚಿತು, ಕಾಲರು ಮುಚ್ಚಿತು, ಎದೆ ಮುಚ್ಚಿತು. ಕೊನೆಗೆ ಕೋಟು ಕಾಣಲಿಲ್ಲ. ಕೋಟಿನ ಆಕಾರದಲ್ಲಿ ಜೇನು ತೂಗಾಡುತ್ತಿತ್ತು. ಒಳಜೇಬು ಇದ್ದ ಜಾಗದಲ್ಲಂತೂ ಕುಂಬಳಕಾಯಿಯಷ್ಟು ದಪ್ಪ ಗಡ್ಡೆ ಕಟ್ಟಿತ್ತು.

"ಏನೋ ಅದು ಎವರೆಟ್? ಏನು ಒಣಹಾಕಿದೀಯೋ?"

ಬೇಲಿಯ ಆಚೆಯಿಂದ ಕತ್ತು ಚಾಚಿದವಳು ಪಕ್ಕದ ಮನೆಯ ಆರ್ಲೀನ್ ಟಿಬೆಟ್ಸ್. ತಲೆತುಂಬ ಕೂದಲು ಸುರುಳಿ ಮಾಡುವ ಕೊಳವೆ. ಊರಲ್ಲಿ ಸೂಜಿ ಬಿದ್ದರೂ ಆ ಕೊಳವೆಗಳಿಗೆ ತಿಳಿಯುತ್ತದೆ ಎಂದು ಜನ ಹೇಳುತ್ತಿದ್ದರು.

"ಏನಿಲ್ಲ ಆರ್ಲೀನಕ್ಕಾ, ಸ್ವಲ್ಪ ಜೇನು."

"ಸ್ವಲ್ಪನಾ? ಅಯ್ಯೋ ನಿನ್ನ! ಇವು ವಿನಿಫ್ರೆಡ್ ಜೇನೇ ಕಣೋ. ಅವಳದ್ದಲ್ದೆ ಈ ಊರಲ್ಲಿ ಇನ್ಯಾರದ್ದು? ಇರು, ಫೋನ್ ಮಾಡ್ತೀನಿ."

"ಬೇಡ!" ಎಂದು ಎವರೆಟ್ ಕಿರುಚಿಬಿಟ್ಟ. "ಅವರಿಗೆ ಮಾತ್ರ ಹೇಳ್ಬೇಡಿ, ದಮ್ಮಯ್ಯ!"

ಅವನ ಲೆಕ್ಕ ಸರಿಯಾಗಿಯೇ ಇತ್ತು. ವಿನಿಫ್ರೆಡ್ ಬಂದರೆ ಕೋಟು ಹಿಡಿದು ಕೊಡವುತ್ತಾಳೆ. ಕೊಡವಿದರೆ ಜೇಬಿನ ಸಡಿಲ ಗುಂಡಿ ಬಿಚ್ಚಿ ಉಂಗುರ ಅವಳ ಕಾಲ ಬಳಿ ಬೀಳುತ್ತದೆ. ಸೇತುವೆಯಿಲ್ಲ, ಸಂಜೆಯಿಲ್ಲ, ಕೆಮ್ಮಿಲ್ಲ, ಮುಖದ ಮುಂದೆ ಆರ್ಲೀನ್. ಹಾಗೆ ಕೇಳುವುದಕ್ಕಿಂತ ಕೇಳದಿರುವುದೇ ವಾಸಿ. ಆದರೆ ಇಂಥ ಮಾತನ್ನು ಆರ್ಲೀನ್‌ಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ.

"ಅವಳ ಜೇನು, ಅವಳಿಗೇ ಹೇಳ್ಬಾರ್ದಾ?" ಆರ್ಲೀನ್ ಕಣ್ಣು ಸಣ್ಣದು ಮಾಡಿದಳು. "ಯಾಕಪ್ಪಾ?"

"ಅವರು ಪಾಪ... ಬಿಡುವಿಲ್ಲದೆ ಇರ್ತಾರೆ."

"ನಮ್ಮೂರ ಲೈಬ್ರರೀಲಿ? ನಿನ್ನ ಬಿಟ್ರೆ ಅಲ್ಲಿಗೆ ಇನ್ಯಾರು ಹೋಗ್ತಾರೋ?" ಎಂದು ಆರ್ಲೀನ್ ಒಳಗೆ ಹೋದಳು. ಫೋನು ತಿರುಗಿಸುವುದು ಬೇಲಿಯ ಈಚೆಗೂ ಕೇಳಿಸಿತು. ಅದೃಷ್ಟಕ್ಕೆ ವಿನಿಫ್ರೆಡ್ ಯಾವುದೋ ಕೆಲಸಕ್ಕೆ ಪಟ್ಟಣಕ್ಕೆ ಹೋಗಿದ್ದಳಂತೆ, ಮಧ್ಯಾಹ್ನ ಬರುವಳಂತೆ, ಬಂದ ಕೂಡಲೇ ತಿಳಿಸುತ್ತೇವೆ ಎಂದರಂತೆ ಲೈಬ್ರರಿಯವರು. ಅದೃಷ್ಟ ಅಷ್ಟಕ್ಕೇ ಮುಗಿಯಿತು, ಏಕೆಂದರೆ ಫೋನು ಕೈಯಲ್ಲಿದ್ದ ಮೇಲೆ ಆರ್ಲೀನ್ ಒಬ್ಬರಿಗೇ ಮಾಡಿ ಇಡುವವಳಲ್ಲ.

ಎವರೆಟ್ ಎಲೆ ಬಾಚುವ ಉದ್ದನೆಯ ಕುಂಟೆ ಹಿಡಿದು, ಮುಖಕ್ಕೆ ಚಹಾದ ಜರಡಿ ಅಡ್ಡ ಹಿಡಿದು, ಬೆಕ್ಕಿನ ಹೆಜ್ಜೆ ಇಡುತ್ತ ಕೋಟಿನ ಕಡೆ ಹೊರಟ. ಹಗ್ಗದ ತುದಿ ಬಿಚ್ಚಿ ಕೋಟನ್ನು ಮೆಲ್ಲಗೆ ಹುಲ್ಲಿನ ಮೇಲೆ ಇಳಿಸಿದರೆ ಜೇನು ತಾನಾಗಿ ಏಳಬಹುದು ಎಂಬುದು ಅವನ ಯೋಚನೆ. ಕುಂಟೆ ಹಗ್ಗಕ್ಕೆ ತಾಗುವ ಹೊತ್ತಿಗೆ ಬೀದಿಯಲ್ಲಿ ಸೈರನ್ ಕೂಗಿತು. ಅಗ್ನಿಶಾಮಕ ಬಂಡಿ ಗೇಟಿಗೆ ಮುತ್ತಿಟ್ಟು ನಿಂತಿತು.

ಇಳಿದವನು ಹಾರ್ಡ್‌ವೇರ್ ಅಂಗಡಿಯ ನಾರಿಸ್ ಗಿಲ್ಮನ್. ಊರಿನ ಅಗ್ನಿಶಾಮಕ ದಳಕ್ಕೆ ಅವನೇ ನಾಯಕ. ಚಳಿಗಾಲದಿಂದ ಒಂದು ಬೆಂಕಿಯೂ ಬೀಳದೆ ಅವನ ಕೈ ತುರಿಸುತ್ತಿತ್ತು.

"ಲೋ ಎವರೆಟ್, ಸರೀಯೋ ಪಕ್ಕಕ್ಕೆ! ಒಂದೇ ಏಟಿಗೆ ಪಕ್ಕದ ತಾಲ್ಲೂಕಿಗೆ ಕಳಿಸ್ತೀನಿ ಎಲ್ಲಾನೂ!"

"ನಾರಿಸ್, ಬೇಡ ಕಣೋ! ಕೋಟು! ಕೋಟು ಹೋಗುತ್ತೆ!"

"ಹೋದ್ರೆ ಹೋಗ್ಲಿ ಬಿಡೋ, ಹೆಣದ ಕೋಟು!"

ಪೈಪು ಉಬ್ಬಿತು. ಮುಂದೆ ಏನು ಮಾಡಿದೆ ಎಂದು ಎವರೆಟ್‌ಗೆ ಆಮೇಲೆ ನೆನಪಾಗಲಿಲ್ಲ. ನೋಡಿದವರು ಹೇಳುವ ಪ್ರಕಾರ ಅವನು ಎರಡೂ ಕೈ ಚಾಚಿ, ಮಗುವಿಗೆ ಅಡ್ಡ ನಿಂತ ತಾಯಿಯ ಹಾಗೆ ಕೋಟಿಗೆ ಅಡ್ಡ ನಿಂತ. ನೀರು ಎದೆಗೆ ಬಡಿದು ಅವನನ್ನು ಎತ್ತಿ ಲೈಲ್ಯಾಕ್ ಗಿಡದೊಳಗೆ ಕೂರಿಸಿತು. ಸಂಜೆಗೆಂದು ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಕ್ರೀಮು ಹಚ್ಚಿ ಬಾಚಿದ ತಲೆ, ಎಲ್ಲ ನೀರುಪಾಲು. ಕೋಟಿನ ಮೇಲೆ ನಾಲ್ಕು ಹನಿ ಬಿದ್ದಿತ್ತು ಅಷ್ಟೆ. ಆ ನಾಲ್ಕು ಹನಿಗೆ ಸಿಟ್ಟಾದ ಒಂದೇ ಒಂದು ನೊಣ ಹಾರಿಬಂದು, ಅಷ್ಟು ಜನರಲ್ಲಿ ಎವರೆಟ್‌ನ ಮೂಗನ್ನೇ ಹುಡುಕಿ ಕಚ್ಚಿತು.

ಮೂಗು ನಿಮಿಷದಲ್ಲಿ ಬದನೆಕಾಯಿ ಆಯಿತು. ಮಾಡಿದವನ ಪಾಪ ಆಡಿದವನ ಬಾಯಲ್ಲಿ ಅಂತಾರೆ. ಇಲ್ಲಿ ಮಾಡಿದವನು ನಾರಿಸ್, ಊದಿದ್ದು ಎವರೆಟ್‌ನ ಮೂಗು. ನ್ಯಾಯವೇ ಇದು?

"ಜೀವ ಕೊಟ್ಟು ಕಾಪಾಡೋವಂಥದ್ದು ಏನೋ ಇದೆ ಆ ಕೋಟಲ್ಲಿ," ಎಂದಳು ಬೇಲಿ ದಾಟಿ ಬಂದ ಆರ್ಲೀನ್.

"ಲಾಟರಿ ಚೀಟಿ ಇರ್ಬೇಕು," ಎಂದ ನಾರಿಸ್.

"ಬರೀ ಕೋಟು! ಏನೂ ಇಲ್ಲ ಅದ್ರಲ್ಲಿ!" ಎಂದ ಎವರೆಟ್ ಊದಿದ ಮೂಗಿನಿಂದ. ಮೂಗಿನ ದೆಸೆಯಿಂದ ಆ ಮಾತು ಅಳುವಂತೆ ಕೇಳಿಸಿ, ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಅಷ್ಟರಲ್ಲಿ ಅರ್ಧ ಬೀದಿ ಅಂಗಳದಲ್ಲಿ ಸೇರಿತ್ತು. ಕೆಲವರು ಮಡಿಸುವ ಕುರ್ಚಿ ತಂದಿದ್ದರು. ಯಾರೋ ಒಬ್ಬರು ಡೋನಟ್ಟಿನ ಡಬ್ಬಿ ಹಂಚುತ್ತಿದ್ದರು. ಅವರೆಲ್ಲರ ನಡುವೆ ದಾರಿ ಮಾಡಿಕೊಂಡು ಬಂದವಳು ಫಿಲೀನಜ್ಜಿ. ಊರಿಗೇ ಹಿರಿಯಳು. ಕಿವಿ ಮಂದ, ನಾಲಿಗೆ ಚುರುಕು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಾಣಲೆ.

"ಬಾರ್ಸ್ರೋ! ನೋಡ್ತಾ ನಿಂತಿದೀರಲ್ಲ! ಜೇನು ಎದ್ದಾಗ ಪಾತ್ರೆ ಬಡಿದು ಇಳಿಸ್ಬೇಕು ಅಂತ ನಿಮ್ಮ ತಾಯ್ತಂದೆ ಹೇಳ್ಕೊಡ್ಲಿಲ್ವಾ?"

ಹಿರಿಯರ ಮಾತು ತೆಗೆದುಹಾಕುವವರು ಯಾರು? ಬಾಣಲೆ ಬಂತು, ಬೋಗುಣಿ ಬಂತು, ಕಸದ ಡಬ್ಬಿಯ ಮುಚ್ಚಳ ಬಂತು. ನಾರಿಸ್ ಬಂಡಿಯ ಗಂಟೆಯನ್ನೇ ಹೊಡೆದ. ಎವರೆಟ್‌ನ ಕೈಗೂ ಒಂದು ಸೌಟು ಕೊಟ್ಟರು. ಅವನೂ ತನ್ನ ಕೋಟಿನ ಮುಂದೆ ನಿಂತು ಬಡಿದ. ಎಷ್ಟು ಬಡಿದರೂ ಜೇನು ಮಿಸುಕಲಿಲ್ಲ. ಕಿವಿ ಮುಚ್ಚಿಕೊಂಡವರು ಮನುಷ್ಯರೇ.

ಆ ಗದ್ದಲದ ನಡುವೆ ಹಸಿರು ಕಾರು ಬಂದು ನಿಂತದ್ದು ಯಾರಿಗೂ ಕೇಳಿಸಲಿಲ್ಲ. ಎವರೆಟ್ ಸೌಟು ಎತ್ತಿ ತಿರುಗಿದ. ಎದುರಿಗೆ ವಿನಿಫ್ರೆಡ್.

ಬಿಳಿ ನಿಲುವಂಗಿ, ತಲೆಗೆ ಬಲೆ ಇಳಿಬಿಟ್ಟ ಟೋಪಿ, ಕಂಕುಳಲ್ಲಿ ಬಿಳಿ ಪೆಟ್ಟಿಗೆ. ಬಲೆಯ ಒಳಗಿಂದ ಅವಳು ಮೊದಲು ಜೇನನ್ನು ನೋಡಿದಳು, ಆಮೇಲೆ ಒದ್ದೆ ಬಟ್ಟೆಯ, ಬದನೆಕಾಯಿ ಮೂಗಿನ, ಸೌಟು ಹಿಡಿದ ಗಂಡಸನ್ನು ನೋಡಿದಳು. ಎವರೆಟ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಯ್ಯೋ ಎವರೆಟ್! ಏನಾಯ್ತು ನಿಮಗೆ? ನನ್ನ ಜೇನು ಮಾಡಿದ್ದಾ ಇದು?"

"ಇಲ್ಲ ಇಲ್ಲ, ಪಾಪ ಅವೇನೂ ಮಾಡಿಲ್ಲ. ಮೂಗು ಮೊದ್ಲಿಂದ್ಲೂ ಸ್ವಲ್ಪ ಹೀಗೇ."

ವಿನಿಫ್ರೆಡ್ ಕೋಟಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. "ನನ್ನವೇ. ಹೊಟ್ಟೆ ತುಂಬ ಜೇನು ಕುಡ್ಕೊಂಡು ಹೊರಟಿದಾವೆ, ಸುಮ್ನಿದ್ರೆ ಏನೂ ಮಾಡಲ್ಲ. ಕೋಟು ಹಿಡ್ಕೊಂಡು ಒಂದ್ಸಲ ಜೋರಾಗಿ ಒದರಿದ್ರೆ ಎಲ್ಲಾ ಪೆಟ್ಟಿಗೆಗೆ ಬೀಳ್ತವೆ."

"ಒದರ್ಬೇಡಿ!"

"ಯಾಕೆ?"

"ಅದು... ನಮ್ಮಪ್ಪನ ಕೋಟು. ಹಳೇದು. ಹರಿಯುತ್ತೆ."

"ನಿಮ್ಮಪ್ಪನ ಮಣ್ಣಿಗೆ ಅಂತ ನೀನೇ ತಾನೇ ಕೊಂಡ್ಕೊಂಡಿದ್ದು ಅದನ್ನ?" ಎಂದಳು ಆರ್ಲೀನ್. ಆ ಹೆಂಗಸಿಗೆ ಬೇಡದ ನೆನಪೇ ಜಾಸ್ತಿ.

ವಿನಿಫ್ರೆಡ್ ಒತ್ತಾಯ ಮಾಡಲಿಲ್ಲ. ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟು, ಒಳಗೆ ಹಳೆಯ ಮೇಣದ ಎರಿ ಜೋಡಿಸಿ, ಕೋಟಿನ ಅಂಚು ಪೆಟ್ಟಿಗೆಯ ಬಾಯಿಗೆ ತಾಗುವಂತೆ ಮಾಡಿದಳು. "ಸರಿ, ಅವೇ ಇಳೀಲಿ. ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ," ಎಂದಳು. ಎವರೆಟ್‌ಗೆ ಹೋದ ಜೀವ ಬಂದಂತಾಯಿತು. ಜೇನು ಇಳಿದರೆ ಸಾಕು, ಕೋಟು ತೆಗೆದುಕೊಂಡು ಒಳಗೆ ಓಡಬಹುದು. ಮೂಗಿಗೆ ಮಂಜುಗಡ್ಡೆ ಇಟ್ಟರೆ ಸಂಜೆಯೊಳಗೆ ಇಳಿದೀತು. ಸೇತುವೆಯ ಮೇಲೆ ಹೇಗೂ ಕತ್ತಲು.

ಜೇನು ಇಳಿಯಲಿಲ್ಲ. ಜನ ಕಾದರು. ಡೋನಟ್ಟು ಮುಗಿದವು.

ಆಗ ಫಿಲೀನಜ್ಜಿ ಊರುಗೋಲಿನಿಂದ ನೆಲ ಕುಟ್ಟಿದಳು. "ನನಗೆ ಗೊತ್ತಾಯ್ತು. ಹೇಳ್ದೇ ಇರೋ ಸುದ್ದಿ ಇದೆ!"

"ಏನಜ್ಜಿ ಹಂಗಂದ್ರೆ?" ನಾರಿಸ್ ಕೇಳಿದ.

"ಹುಟ್ಟು, ಸಾವು, ಮದುವೆ, ಏನೇ ಇರ್ಲಿ, ಗೂಡಿನ ಮೇಲೆ ಮೂರ್ಸಲ ತಟ್ಟಿ ಮೊದ್ಲು ಜೇನಿಗೆ ಹೇಳ್ಬೇಕು ಕಣೋ. ನಮ್ಮಜ್ಜ ಸತ್ತಾಗ ಪಾದ್ರಿಗಿಂತ ಮೊದ್ಲು ಜೇನಿಗೇ ಹೇಳಿದ್ದು. ಮುಚ್ಚಿಟ್ರೆ ಅವಕ್ಕೆ ಬೇಜಾರಾಗುತ್ತೆ. ಗೂಡು ಬಿಟ್ಟು ಎದ್ದುಬಿಡ್ತವೆ. ಸುದ್ದಿ ಯಾರ ಹೊಟ್ಟೇಲಿದೆಯೋ ಅವರ ಹತ್ರಾನೇ ಬಂದು ಕೂರ್ತವೆ."

ಕೊನೆಯ ಮಾತು ಅವಳ ಅಜ್ಜನದೋ ಅಥವಾ ಅಲ್ಲೇ ನಿಂತು ಹುಟ್ಟಿಸಿದ್ದೋ ದೇವರೇ ಬಲ್ಲ. ಆದರೆ ಆ ಊರಿನಲ್ಲಿ ಇಂಥದ್ದನ್ನು ಯಾರೂ ನಂಬುವುದಿಲ್ಲ, ಯಾರೂ ಮೀರುವುದೂ ಇಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ವಿನಿಫ್ರೆಡ್ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಎವರೆಟ್ ತನ್ನ ಬೂಟು ನೋಡುತ್ತಿದ್ದ.

"ಹೊಟ್ಟೇಲಿರೋದನ್ನ ಕಕ್ರೋ ಒಬ್ಬೊಬ್ರೇ! ನಾರಿಸ್, ನೀನು ಮೊದ್ಲು. ನಿನ್ನ ಮುಖ ನೋಡಿದ್ರೇನೇ ಗೊತ್ತಾಗುತ್ತೆ."

ನಾರಿಸ್ ನಕ್ಕುಬಿಡಬಹುದಿತ್ತು. ಅಷ್ಟರಲ್ಲಿ ಒಂದು ನೊಣ ಬಂದು ಅವನ ಮೀಸೆಯ ಮುಂದೆ ಹಾರಾಡುತ್ತ ನಿಂತಿತು.

"ಹೇಳ್ತೀನಿ, ಹೇಳ್ತೀನಿ! ಆರ್ಲೀನ್ ಮನೆ ಮುಂದಿನ ಟಪಾಲು ಡಬ್ಬಿ ಬೀಳಿಸಿದ್ದು ಎವರೆಟ್ ಲಾರಿ ಅಲ್ಲ. ಅಗ್ನಿಶಾಮಕ ಬಂಡಿ. ನಾನೇ."

"ಏನು!" ಆರ್ಲೀನ್‌ಳ ಕೊಳವೆಗಳೆಲ್ಲ ನಡುಗಿದವು. "ಅದಕ್ಕೇ ನಾನು ಈ ಪಾಪದವನ ಹತ್ರ ಎರಡು ವರ್ಷ ಮಾತೇ ಬಿಟ್ಟಿದ್ದೆ!"

"ಬಿಟ್ಟಿರ್ಲಿಲ್ಲ ಆರ್ಲೀನಕ್ಕಾ. ದಿನಾ ಬೈತಿದ್ರಿ," ಎಂದ ಎವರೆಟ್ ಮೆಲ್ಲಗೆ.

ಜೇನು ಮಿಸುಕಲಿಲ್ಲ. ಈಗ ನೊಣ ಆರ್ಲೀನ್ ಕಡೆ ತಿರುಗಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು, ಅದು ಎರಡು ಹೆಜ್ಜೆ ಮುಂದೆ ಬಂತು.

"ಚರ್ಚಿನ ಊಟಕ್ಕೆ ನಾನು ತರೋ ಸೇಬಿನ ಪೈ," ಎಂದಳು ಆರ್ಲೀನ್ ಕಣ್ಣು ಮುಚ್ಚಿಕೊಂಡು, "ನಮ್ಮಜ್ಜಿ ಹೇಳ್ಕೊಟ್ಟಿದ್ದಲ್ಲ. ಪಟ್ಟಣದ ಅಂಗಡೀದು. ತಟ್ಟೆ ಮಾತ್ರ ನಂದು."

"ಅದು ಸುದ್ದೀನೇ ಅಲ್ಲ," ಎಂದಳು ಫಿಲೀನಜ್ಜಿ. "ಊರಿಗೆಲ್ಲ ಗೊತ್ತಿರೋದು. ಬೇರೆ ಏನಾದ್ರೂ ಹೇಳು."

ಬೇರೆ ಏನೂ ಬರಲಿಲ್ಲ. ಆರ್ಲೀನ್ ಮುಖ ಕೆಂಪಗೆ ಮಾಡಿಕೊಂಡು ಕೂತಳು. ಆಮೇಲೆ ಅಂಗಳದಲ್ಲಿದ್ದ ಕಣ್ಣುಗಳೆಲ್ಲ ಒಂದೊಂದಾಗಿ ಎವರೆಟ್ ಕಡೆ ತಿರುಗಿದವು. ಅಂಗಳ ಅವನದು, ಕೋಟು ಅವನದು. ಅಜ್ಜಿಯ ಕಾನೂನಿನ ಪ್ರಕಾರ ಸುದ್ದಿಯೂ ಅವನದೇ ಆಗಬೇಕು.

"ನನ್ಹತ್ರ ಏನೂ ಇಲ್ಲ," ಎಂದ.

"ಕಿವಿ ನೋಡು ಹೆಂಗೆ ಕೆಂಪಾಗಿದೆ," ಎಂದಳು ಅಜ್ಜಿ. "ನಮಗೆ ಹೇಳ್ಬೇಡ ಹೋಗಪ್ಪ. ಜೇನಿಗೆ ಹೇಳು. ಪಿಸುಗುಟ್ಟಿದ್ರೂ ಸಾಕು."

ಎವರೆಟ್ ವಿನಿಫ್ರೆಡ್ ಕಡೆ ನೋಡಿದ. ಅವಳು ಬಲೆಯ ಒಳಗಿಂದಲೇ "ಹೇಳಿ ಎವರೆಟ್. ಹೇಳೋದು ಒಳ್ಳೇದು," ಎಂದಳು. ಅವಳ ದನಿ ಯಾಕೋ ಒದ್ದೆಯಾಗಿತ್ತು. ಅಷ್ಟು ಮೆದುವಾಗಿ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ದನಿಗಾಗಿ ಎವರೆಟ್ ಜೇನಿನ ಹತ್ತಿರವೇನು, ಹುಲಿಯ ಹತ್ತಿರವೂ ಹೋಗುತ್ತಿದ್ದ.

ಹೋದ. ಊದಿದ ಮೂಗು ಜೇನಿಗೆ ತಾಗುವಷ್ಟು ಹತ್ತಿರ ಬಗ್ಗಿ, ಸ್ಟೂಲನ್ನು ಮೂರು ಸಲ ತಟ್ಟಿ, ತುಟಿಯಲ್ಲೇ ಹೇಳಿದ: "ನಾನು ವಿನಿಫ್ರೆಡ್ ಅವರನ್ನ ಮದುವೆ ಆಗ್ಬೇಕು ಅಂತಿದೀನಿ. ಇವತ್ತು ಸಂಜೆ ಕೇಳ್ತೀನಿ. ಅವರು ಅಂದ್ರೆ ನನಗೆ ಪ್ರಾಣ. ನಿಮ್ಮ ದಮ್ಮಯ್ಯ, ಆ ಜೇಬು ಬಿಟ್ಟು ಇಳೀರಿ."

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕೋಟಿನ ಅಂಚಿನಲ್ಲಿದ್ದ ಒಂದು ನೊಣ ಪೆಟ್ಟಿಗೆಯ ಬಾಯಿಯೊಳಗೆ ಇಣುಕಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಹತ್ತು. ನೋಡುತ್ತಿದ್ದಂತೆ ಇಡೀ ಹಿಂಡು ಜಾರತೊಡಗಿತು. ತೋಳು ಕಂಡಿತು, ಕಾಲರು ಕಂಡಿತು, ಗುಂಡಿಗಳು ಕಂಡವು. ಊಟದ ಗಂಟೆ ಹೊಡೆದಾಗ ಶಾಲೆಯ ಮಕ್ಕಳು ನುಗ್ಗುವ ಹಾಗೆ ಜೇನೆಲ್ಲ ಪೆಟ್ಟಿಗೆಯೊಳಗೆ ನುಗ್ಗಿತು.

ಜನ ಚಪ್ಪಾಳೆ ತಟ್ಟಿದರು. ನಾರಿಸ್ ಬಂಡಿಯ ಗಂಟೆ ಹೊಡೆದ. "ಹೇಳಿರ್ಲಿಲ್ವಾ! ಹೇಳಿರ್ಲಿಲ್ವಾ!" ಎಂದು ಅಜ್ಜಿ ಊರುಗೋಲು ಆಕಾಶಕ್ಕೆ ಎತ್ತಿದಳು.

ಎವರೆಟ್‌ನ ಎದೆ ಹಿಗ್ಗಿತು. ಜೀವಮಾನದಲ್ಲಿ ಅಷ್ಟು ಧೈರ್ಯ ಅವನಿಗೆ ಬಂದದ್ದೇ ಇಲ್ಲ. ಜೇನೇ ಒಪ್ಪಿದ ಮೇಲೆ ಇನ್ನು ಯಾರ ಹೆದರಿಕೆ? ಸಂಜೆ ಯಾಕೆ, ಸೇತುವೆ ಯಾಕೆ? ಊರೇ ನೋಡಲಿ, ಆರ್ಲೀನ್ ನೋಡಲಿ, ಈಗಲೇ ಕೇಳುತ್ತೇನೆ. ಹಗ್ಗದಿಂದ ಕೋಟು ಕಿತ್ತು, ಒದ್ದೆ ಶರ್ಟಿನ ಮೇಲೆಯೇ ತೊಟ್ಟು, ಒಳಜೇಬಿನ ಗುಂಡಿ ಬಿಚ್ಚಿ, ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿದ.

ವಿನಿಫ್ರೆಡ್ ಪೆಟ್ಟಿಗೆಯ ಮುಂದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದಳು. ಬಲೆ ಹಿಂದಕ್ಕೆ ಎಸೆದಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮುಚ್ಚಳದ ಮೇಲೆ ಮೂರು ಸಲ ತಟ್ಟಿದಳು.

"ತಪ್ಪು ನಂದೇ," ಎಂದಳು ಪೆಟ್ಟಿಗೆಗೆ. "ನಿಮಗೆ ಹೇಳೋಕೆ ನನಗೆ ಮನಸ್ಸೇ ಬರ್ಲಿಲ್ಲ. ನನಗೆ ಮದುವೆ ಗೊತ್ತಾಗಿದೆ. ಬರೋ ತಿಂಗಳು. ಲೂಥರ್ ಅಂತ, ಹಲ್ಲಿನ ಡಾಕ್ಟ್ರು. ಅವರೂರಿಗೇ ಹೋಗ್ತೀನಿ. ಒಂದು ನೊಣ ಕಚ್ಚಿದ್ರೂ ಅವರಿಗೆ ಉಸಿರು ಕಟ್ಟುತ್ತೆ, ನಿಮ್ಮನ್ನ ಕರ್ಕೊಂಡು ಹೋಗೋಕಾಗಲ್ಲ. ಇನ್ನು ನಿಮ್ಮನ್ನ ಯಾರು ನೋಡ್ಕೋತಾರೋ ನನಗೆ ಗೊತ್ತಿಲ್ಲ."

ಅಂಗಳದಲ್ಲಿ "ಓಹೋ!" ಎಂದು ಸಂತೋಷದ ಕೂಗು ಎದ್ದಿತು. ಆರ್ಲೀನ್ ಓಡಿ ಹೋಗಿ ವಿನಿಫ್ರೆಡ್‌ಳನ್ನು ತಬ್ಬಿಕೊಂಡಳು. ಎವರೆಟ್ ಮುಷ್ಟಿ ಬಿಗಿ ಹಿಡಿದು ನಿಂತೇ ಇದ್ದ. ಉಂಗುರ ಅಂಗೈಗೆ ಒತ್ತುತ್ತಿತ್ತು.

"ಯಾವಾಗ ಸಿಕ್ಕಿದ್ನೇ ಅವನು ನಿನಗೆ? ನಂಗೇ ಗೊತ್ತಿಲ್ವಲ್ಲ!" ಎಂದಳು ಆರ್ಲೀನ್. ಅವಳಿಗೆ ಮದುವೆಗಿಂತ ಆ ನೋವೇ ದೊಡ್ಡದು.

ವಿನಿಫ್ರೆಡ್ ಕಣ್ಣೊರೆಸಿಕೊಂಡು ಎವರೆಟ್ ಕಡೆ ತಿರುಗಿ ನಕ್ಕಳು. "ಎಲ್ಲಾ ಎವರೆಟ್‌ರಿಂದಾನೇ! ಜನವರೀಲಿ ಆ ದೊಡ್ಡ ಹಿಮ ಬಿತ್ತಲ್ಲ, ಅವತ್ತು ಲೂಥರ್ ಕಾರು ಗುಡ್ಡದ ಕೆಳಗೆ ಸಿಕ್ಕಿಹಾಕ್ಕೊಂಡಿತ್ತು. ಎಲ್ಲಿ ನೋಡಿದ್ರೂ ದಾರಿ ಇಲ್ಲ. ತೆರೆದಿದ್ದದ್ದು ಒಂದೇ ಒಂದು ದಾರಿ, ನಮ್ಮನೇದು. ಅದರಲ್ಲೇ ನಡ್ಕೊಂಡು ಬಂದು ಬಾಗಿಲು ತಟ್ಟಿದ್ರು. ಎವರೆಟ್, ನೀವು ಅವತ್ತು ಆ ದಾರಿ ತೆಗೀದೇ ಇದ್ದಿದ್ರೆ ನಾನು ಜನ್ಮಪೂರ್ತಿ ಒಂಟಿಯಾಗೇ ಇರ್ತಿದ್ದೆ."

ಊರೆಲ್ಲ ಎವರೆಟ್‌ನ ಬೆನ್ನು ತಟ್ಟಿತು. ಎವರೆಟ್‌ಗೆ ಮಾತ್ರ ಆ ದಿನ ಚೆನ್ನಾಗಿ ನೆನಪಿತ್ತು. ಎರಡು ಸಲ ತೆಗೆದಿದ್ದ ಆ ದಾರಿಯನ್ನು. ಎರಡನೆಯ ಸಲ ಸುಮ್ಮನೆ, ಅವಳು ಇನ್ನೊಮ್ಮೆ ಕೈ ಬೀಸಲಿ ಎಂದು.

"ಅದಿರ್ಲಿ," ಎಂದಳು ಫಿಲೀನಜ್ಜಿ. ಆ ಮುದುಕಿಗೆ ಒಂದು ವಿಷಯ ಹಿಡಿದರೆ ಬಿಟ್ಟು ಗೊತ್ತಿಲ್ಲ. "ನೀನು ಹೇಳ್ದಾಗ ತಾನೇ ಜೇನು ಇಳಿದಿದ್ದು? ನೀನೇನಪ್ಪಾ ಹೇಳ್ದೆ?"

ಎವರೆಟ್ ಉಂಗುರದ ಕೈಯನ್ನು ಬೆನ್ನ ಹಿಂದೆ ಸರಿಸಿದ. ವಿನಿಫ್ರೆಡ್ ಒದ್ದೆ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು.

"ನಾನು..." ಎಂದ. ಪೆಟ್ಟಿಗೆ ಕಣ್ಣಿಗೆ ಬಿತ್ತು. "ನಾನು ಜೇನು ಸಾಕ್ಬೇಕು ಅಂತಿದೀನಿ ಅಂತ ಹೇಳ್ದೆ."

"ಎವರೆಟ್!" ವಿನಿಫ್ರೆಡ್ ಎದ್ದು ಬಂದು ಎರಡೂ ಕೈಯಿಂದ ಅವನ ಕತ್ತು ತಬ್ಬಿದಳು. ಎಷ್ಟೋ ಚಳಿಗಾಲ ಲಾರಿಯ ಗಾಜಿನ ಹಿಂದೆ ಕೂತು ಅವನು ಊಹಿಸಿಕೊಂಡ ಅಪ್ಪುಗೆ ಅದೇ. "ಬೇರೆ ಯಾರಿಗೆ ಕೊಡೋದು ಅಂತ ತಿಂಗಳುಗಟ್ಟಲೆ ನಿದ್ದೆ ಮಾಡಿರ್ಲಿಲ್ಲ ನಾನು! ಇದೊಂದೇ ಅಲ್ಲ, ಹಿತ್ತಲಲ್ಲಿರೋ ನಾಲ್ಕೂ ಪೆಟ್ಟಿಗೆ ನಿಮಗೇ. ನಾಳೇನೇ ನಾರಿಸ್ ಬಂಡೀಲಿ ಹೇರ್ಕೊಂಡು ಬಂದುಬಿಡೋಣ. ದೇವ್ರಾಣೆ ಹೇಳ್ತೀನಿ, ಒಡಹುಟ್ಟಿದ ಅಣ್ಣ ಇದ್ದಿದ್ರೂ ನನಗೆ ಇಷ್ಟು ಮಾಡ್ತಿರ್ಲಿಲ್ಲ."

ಅಣ್ಣ! ಮೂಗಿಗೆ ಕಚ್ಚಿದ ನೊಣವೇ ಎಷ್ಟೋ ಮೇಲು.

"ಅಯ್ಯೋ, ಅಣ್ಣ ಅಂದ ತಕ್ಷಣ ನೆನಪಾಯ್ತು," ಎಂದು ವಿನಿಫ್ರೆಡ್ ಅವನ ಕೈ ಹಿಡಿದುಕೊಂಡಳು, ಪುಣ್ಯಕ್ಕೆ ಉಂಗುರವಿಲ್ಲದ ಕೈ. "ಮದುವೆ ದಿನ ನನ್ನನ್ನ ಕೈ ಹಿಡಿದು ಚರ್ಚಿನೊಳಗೆ ನಡೆಸ್ಕೊಂಡು ಹೋಗಿ ಲೂಥರ್‌ಗೆ ಒಪ್ಪಿಸೋಕೆ ನನಗೆ ಯಾರೂ ಇಲ್ಲ. ಅಪ್ಪ ಇಲ್ಲ, ಅಣ್ಣತಮ್ಮ ಇಲ್ಲ. ನೀವೇ ಬರ್ಬೇಕು. ಇದೇ ಕೋಟು ಹಾಕ್ಕೊಂಡು ಬನ್ನಿ, ನಿಮಗೆ ತುಂಬ ಒಪ್ಪುತ್ತೆ. ಬರ್ತೀರ ತಾನೇ?"

ಊರೆಲ್ಲ ಅವನ ಬಾಯಿ ನೋಡುತ್ತಿತ್ತು. ಆ ದಿನ ಯಾರಾದರೂ ಒಬ್ಬರು ಹೂಂ ಅನ್ನಲೇಬೇಕಿತ್ತು.

"ಹೂಂ," ಎಂದ ಎವರೆಟ್.